ಮೂವತ್ತು ತಿಂಗಳು ಮುಗಿದವು, ದೊಡ್ಡಮ್ಮ

ಈ ವಾರ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿ ನನ್ನ 30 ತಿಂಗಳು ಮುಗಿದವು. ಹೊಸನಗರ ತಾಲ್ಲೂಕಿನ ಮೂಲೆಯ ನಮ್ಮ ಪುಟ್ಟ ಪಂಚಾಯಿತಿಯಲ್ಲಿ ಜೊತೆ ನಿಂತವರಿಗೆ ಒಂದು ಮಾತು ಹೇಳದೆ ಬೀರುವಿನ ಕೀಲಿ ಕೊಡಲು ಮನಸ್ಸು ಬರಲಿಲ್ಲ.

ಸುರಿಯುವ ಮಳೆಯಲ್ಲೂ ಗ್ರಾಮಸಭೆಗೆ ಬಂದವರಿಗೆ, ಮಧ್ಯರಾತ್ರಿ ಮೋಟರ್ ಸುಟ್ಟಾಗಲೂ ಫೋನ್ ಎತ್ತಿದ ನೀರುಗಂಟಿ ಅಣ್ಣನಿಗೆ, ಸ್ವಸಹಾಯ ಸಂಘದ ಅಕ್ಕಂದಿರಿಗೆ, ಮೀಟಿಂಗ್ ದಿನ ಅಡುಗೆಮನೆ ನೋಡಿಕೊಂಡ ನಮ್ಮವರಿಗೆ ತುಂಬಾ ಥ್ಯಾಂಕ್ಸ್.

ಮೇಲಿನ ಮನೆ ದೊಡ್ಡಮ್ಮನ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು.

ಹೋದ ಮಳೆಗಾಲ ನನ್ನನ್ನು ಇಳಿಸಲು ಅವಿಶ್ವಾಸ ನಿರ್ಣಯ ಯಾಕೆ ಬಂತು ಅಂತ ಊರಿನವರಿಗೆಲ್ಲ ಗೊತ್ತು, ಅದನ್ನು ಬಿಡೋಣ. ಸಭೆಯ ಹಿಂದಿನ ರಾತ್ರಿ ಪುಷ್ಯ ಮಳೆ ಹೊಡೆಯುತ್ತಿತ್ತು. ಸಂಜೆಯೇ ಕರೆಂಟ್ ಹೋಗಿತ್ತು. ಎಸಿ (ಉಪವಿಭಾಗಾಧಿಕಾರಿ) ಸಾಹೇಬರ ಹೆಸರಿಗೆ ರಾಜೀನಾಮೆ ಬರೆದಿಟ್ಟಿದ್ದೆ. ವಾಟ್ಸಾಪಿನಲ್ಲಿ ನನ್ನ ನಡತೆ ಬಗ್ಗೆ ಬಂದದ್ದನ್ನು ಮಗಳು ಓದಿದ್ದಳು. ಅವಳ ಮುಖ ನೋಡಿದ ಮೇಲೆ ನನಗೆ ಯಾವ ಕುರ್ಚಿಯೂ ಬೇಡವಾಗಿತ್ತು.

ದೊಡ್ಡಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು, ಸಂಕ ದಾಟಿ ಬಂದರು. ಎಪ್ಪತ್ತು ದಾಟಿದ ಜೀವ. ಸಮಾಧಾನ ಹೇಳಲಿಲ್ಲ. ಕಷಾಯಕ್ಕೆ ಇಟ್ಟು, ಒಲೆ ಮುಂದೆ ಕೂತು ತಮ್ಮ ಕಥೆ ಹೇಳಿದರು. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಕಾಲು ಭಾಗ ಸೀಟು ಕೊಟ್ಟು 1987ರಲ್ಲಿ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಯಂಥದ್ದು) ಚುನಾವಣೆ ನಡೆಯಿತಲ್ಲ, ಆಗ ಅವರೂ ಸದಸ್ಯೆಯಾಗಿದ್ದರು. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಸೀಟು ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದದ್ದು ಅದಾದ ಮೇಲೆ.

"ಸಹಿ ನಂದು, ಮಾತು ನಿಮ್ಮ ದೊಡ್ಡಪ್ಪಂದು. ಮೀಟಿಂಗ್ ಪುಸ್ತಕ ಮನೆಗೇ ಬರ್ತಿತ್ತು. ಕೊಟ್ಟಿಗೆಯಿಂದ ಕೈ ತೊಳ್ಕೊಂಡು ಬಂದು ಸಹಿ ಹಾಕ್ತಿದ್ದೆ. ಏನು ಬರೆದಿದೆ ಅಂತ ಒಂದಿನ ಕೇಳ್ಬಹುದಿತ್ತು. ಕೇಳಲಿಲ್ಲ ಕಣೆ" ಅಂದರು. ಇಷ್ಟು ವರ್ಷ ಆದರೂ ಅವರ ಗಂಟಲು ಕಟ್ಟಿತು. ನಾವಿಬ್ಬರೂ ಸುಮ್ನೆ ಅತ್ತೆವು.

ಮಗಳು ಅವರ ತೊಡೆ ಮೇಲೆ ನಿದ್ದೆ ಹೋದಳು. ಅವರು ಕಾಲು ಸರಿಸದೆ ಬೆಳಗಿನವರೆಗೂ ಹಾಗೇ ಕೂತಿದ್ದರು. ಕೋಳಿ ಕೂಗುವ ಹೊತ್ತಿಗೆ ಆ ಕಾಗದವನ್ನು ನಾನೇ ಒಲೆಗೆ ಹಾಕಿದೆ. ಸೋತರೆ ಸಭೆಯಲ್ಲೇ ಸೋಲೋಣ ಅನ್ನಿಸಿತು.

ನನ್ನನ್ನು ಇಳಿಸಲು 13 ಸದಸ್ಯರಲ್ಲಿ ಮೂರನೇ ಎರಡು ಭಾಗ, ಅಂದರೆ 9 ಕೈ ಏಳಬೇಕಿತ್ತು. ಎದ್ದದ್ದು 8. ನನ್ನ ಜೊತೆ ಕೈ ಎತ್ತದೆ ಕೂತ ಆ ನಾಲ್ವರ ಋಣವೂ ದೊಡ್ಡದು.

2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರದ್ದು. ಆದರೂ "ಯಜಮಾನ್ರು ಬಂದಿಲ್ವಾ?" ಅಂತ ನನ್ನ ಟೇಬಲ್ ಮುಂದೆ ನಿಂತು ಕೇಳುವವರು ಇವತ್ತಿಗೂ ಇದ್ದಾರೆ. ಪ್ರತಿ ಸಲ ನೋವಾಗುತ್ತದೆ. ಆದರೆ ನನ್ನ ಮೊದಲ ಮಹಿಳಾ ಗ್ರಾಮಸಭೆಗೆ ಬಂದವರು ಹನ್ನೊಂದು ಜನ. ಕೊನೆಯದಕ್ಕೆ ಶಾಲೆಯಿಂದ ಬೆಂಚು ತರಿಸಬೇಕಾಯಿತು. "15ನೇ ಹಣಕಾಸು ಆಯೋಗದ ದುಡ್ಡು ಎಲ್ಲೆಲ್ಲಿ ಖರ್ಚಾಯ್ತು, ಪೂರ್ತಿ ಓದು" ಅಂತ ಅವತ್ತು ಮೊದಲು ಎದ್ದವರು ನೀವೇ ಅಲ್ವಾ, ದೊಡ್ಡಮ್ಮ. ನಾನು ಓದಿದೆ. ಮುಗಿಯುವವರೆಗೂ ನೀವು ನಿಂತೇ ಕೇಳಿದಿರಿ.