ವಿಡಿಯೊ ಬೇಡ, ಲಿಂಕ್ ಕಳಿಸಿ

ಸಂಪಾದಕರಿಗೆ ನಮಸ್ಕಾರ.

ಮಳೆ ಜೋರಾಯಿತೆಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆ ನೆರೆಯ ವಿಡಿಯೊಗಳು ಮತ್ತೆ ಹುಟ್ಟಿ ಬರುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮನೆಯೊಂದು ಗುಡ್ಡದಿಂದ ಜಾರಿ ಹೋದ ವಿಡಿಯೊ ನೆನಪಿದೆಯಲ್ಲ, ಅದು ಆಮೇಲೂ ‘ಈಗ ತಾನೇ ಆಗಿದ್ದು, ಎಲ್ಲರಿಗೂ ತಿಳಿಸಿ’ ಅಂತ ನಮ್ಮ ಗುಂಪಿಗೆ ಬಂದಿದೆ. ಹಾಕಿದವರನ್ನು ಕೇಳಿದರೆ, ‘ಯಾರೋ ಕಳಿಸಿದ್ರು, ನಾನೂ ಹಾಕ್ದೆ’. ಅವರೇನೂ ಬೇಕಂತ ಸುಳ್ಳು ಹಬ್ಬಿಸುವವರಲ್ಲ. ಆ ಫೈಲಿನ ಮೇಲೆ ತಾರೀಖಿಲ್ಲ, ಊರಿಲ್ಲ, ತೆಗೆದವರು ಯಾರೆಂದಿಲ್ಲ. ಗೊತ್ತಾಗುವುದಾದರೂ ಹೇಗೆ? ವಿಡಿಯೊ ಬದಲು ಅದರ ಲಿಂಕ್ ಬಂದಿದ್ದರೆ ಒತ್ತಿದ ಕೂಡಲೇ ಯಾವ ಖಾತೆ, ಯಾವತ್ತು ಹಾಕಿದ್ದು ಎಂದು ಕಾಣುತ್ತಿತ್ತು. ಲಿಂಕ್ ಇದ್ದ ಮಾತ್ರಕ್ಕೆ ಎಲ್ಲ ನಿಜ ಅಂತಲ್ಲ, ಹಳೆಯದನ್ನು ಇವತ್ತಿನ ತಾರೀಖಿನಲ್ಲಿ ಹಾಕುವ ಮಹಾನುಭಾವರೂ ಇದ್ದಾರೆ. ಆದರೆ ಆಗಲೂ ಕೆಳಗೆ ಕಾಮೆಂಟಿನಲ್ಲಿ ಯಾರಾದರೂ ‘ಇದು ಹಳೇದು ಮಾರಾಯ್ರೆ’ ಅಂದಿರುತ್ತಾರೆ. ಫೈಲಿಗೆ ಕಾಮೆಂಟ್ ಎಲ್ಲಿಂದ ಬರಬೇಕು?

ಇದು ಸಣ್ಣ ವಿಷಯ ಅನ್ನುವವರು 2018ನ್ನೇ ಇನ್ನೊಮ್ಮೆ ನೆನಪಿಸಿಕೊಳ್ಳಲಿ. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಆ ವರ್ಷ ದೇಶದ ತುಂಬಾ ಓಡಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ ವಿಡಿಯೊ. ಕೊನೆಯಲ್ಲಿ ಅವರೇ ವಾಪಸ್ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದರು. ಉಳಿದ ತುಂಡು ಫೋನಿಂದ ಫೋನಿಗೆ ಹೋಯಿತು. ಇಂಥ ವದಂತಿಗಳ ಕಾವಿನಲ್ಲೇ ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಸಾಯಿಸಿದರು. ಕರಾಚಿಯ ಮೂಲ ವಿಡಿಯೊದ ಲಿಂಕೇ ಓಡಾಡಿದ್ದರೆ ನೋಡಿದವರಿಗೆಲ್ಲ ಕೊನೆಯ ಫಲಕವೂ ಕಾಣುತ್ತಿತ್ತು. ಲಿಂಕನ್ನು ಯಾರೂ ಮಧ್ಯದಲ್ಲಿ ಕತ್ತರಿಸಲಾರರು.

ಅದಾದ ಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದಕ್ಕೆ ಒಂದು ಸಲಕ್ಕೆ 5 ಚಾಟ್ ಎಂಬ ಮಿತಿ ಹಾಕಿತು. 2020ರ ಏಪ್ರಿಲ್‌ನಿಂದ, ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥದಕ್ಕೆ ಎರಡು ಬಾಣದ ಗುರುತೂ ಬರುತ್ತದೆ. ಒಳ್ಳೆಯದೇ. ಆದರೆ ಗ್ಯಾಲರಿಯಿಂದ ಅದೇ ವಿಡಿಯೊವನ್ನು ಹೊಸದಾಗಿ ಹಾಕಿದರೆ ಗುರುತು ಮಾಯ, ಮಿತಿಯೂ ಮಾಯ.

ಇನ್ನು ಸ್ಕ್ರೀನ್‌ಶಾಟ್. ಯಾರೋ ಫೇಸ್‌ಬುಕ್‌ನಲ್ಲಿ ತಮ್ಮ ಸ್ನೇಹಿತರಿಗೆ ಮಾತ್ರ ಕಾಣುವ ಹಾಗೆ ಮನೆಯ ಕಷ್ಟವನ್ನೋ ಮಗಳ ಫೋಟೊವನ್ನೋ ಹಾಕಿರುತ್ತಾರೆ. ಅದರ ಲಿಂಕನ್ನು ಹೊರಗಿನವರಿಗೆ ಕಳಿಸಿದರೆ ತೆರೆಯುವುದಿಲ್ಲ. ತೆರೆಯಬಾರದು ಅಂತಲೇ ಅವರು ಹಾಗೆ ಹಾಕಿದ್ದು, ಅಲ್ವಾ? ಮನಸ್ಸು ಬದಲಾಗಿ ಅಳಿಸಿದರೆ ಲಿಂಕೂ ಸತ್ತುಹೋಗುತ್ತದೆ, ತಿದ್ದಿದರೆ ತಿದ್ದಿದ್ದೇ ಕಾಣುತ್ತದೆ. ಸ್ಕ್ರೀನ್‌ಶಾಟ್‌ಗೆ ಈ ಮರ್ಯಾದೆ ಯಾವುದೂ ಇಲ್ಲ. ರಾಜಕಾರಣಿಗಳು ಬರೆದು ಅಳಿಸುವುದನ್ನು ಹಿಡಿದಿಡಲು ಅದು ಬೇಕು, ಒಪ್ಪುತ್ತೇನೆ. ಅಕ್ಕಪಕ್ಕದ ಮನೆಯವರ ಮೇಲೆ ಯಾಕೆ?

‘ನಾನು ಬರೆದದ್ದಲ್ಲ, ಸುಮ್ನೆ ಶೇರ್ ಮಾಡಿದೆ’ ಅನ್ನುವುದೂ ಈಗ ನಡೆಯುವುದಿಲ್ಲ. ತಮಿಳು ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರ ಬಗ್ಗೆ ಬೇರೆಯವರು ಬರೆದ ಕೀಳು ಪೋಸ್ಟನ್ನು ಹಂಚಿಕೊಂಡಿದ್ದರು. ಆಮೇಲೆ ಅಳಿಸಿ ಕ್ಷಮೆಯನ್ನೂ ಕೇಳಿದರು. ಆದರೂ 2023ರಲ್ಲಿ ಮದ್ರಾಸ್ ಹೈಕೋರ್ಟ್ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಅಂದರೆ ಲಿಂಕ್ ಕಳಿಸಿದರೂ ಹೊಣೆ ತಪ್ಪುವುದಿಲ್ಲ, ಒಳಗೇನಿದೆ ಎಂದು ಪೂರ್ತಿ ನೋಡಿಯೇ ಕಳಿಸಬೇಕು.

ನನಗೆ ಜಾಸ್ತಿ ಬೇಸರ ತರುವುದು ಇನ್ನೊಂದು. ನಮ್ಮ ಮಲೆನಾಡು, ಕರಾವಳಿಯಲ್ಲಿ ಎಷ್ಟೋ ಜನ ರಾತ್ರಿಯಿಡೀ ನಿದ್ದೆಗೆಟ್ಟು ಯಕ್ಷಗಾನ, ತಾಳಮದ್ದಳೆ ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕುತ್ತಾರೆ. ಅದರಿಂದ ಜಾಹೀರಾತಿನ ದುಡ್ಡು ಬರಬೇಕಾದರೆ ಚಾನೆಲ್‌ಗೆ 1,000 ಚಂದಾದಾರರಿರಬೇಕು. ಜತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಊರಿನ ಚಾನೆಲ್‌ಗೆ ಇದೇನು ಸುಲಭವೇ? ಯಾರೋ ಒಬ್ಬರು ಒಳ್ಳೆಯ ಪದ್ಯವೊಂದನ್ನು ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಬಿಟ್ಟರೆ ಸಾವಿರಾರು ಜನ ನೋಡಿ ‘ಆಹಾ’ ಅನ್ನುತ್ತಾರೆ. ಆ ಸಾವಿರದಲ್ಲಿ ಒಂದೂ ಚಿತ್ರೀಕರಿಸಿದವರ ಚಾನೆಲ್‌ನ ಲೆಕ್ಕಕ್ಕೆ ಬರುವುದಿಲ್ಲ. ಭಾಗವತರ ಹೆಸರೂ ಇರುವುದಿಲ್ಲ. ಲಿಂಕ್ ಹಾಕಿ ‘42ನೇ ನಿಮಿಷದಿಂದ ಕೇಳಿ’ ಎಂದು ಬರೆದರೆ ಆಯಿತಪ್ಪ, ಅಷ್ಟೇ ಕೆಲಸ.

ಹಾಗಂತ ಬರೀ ಲಿಂಕ್ ಎಸೆದು ಹೋಗುವವರ ಮೇಲೂ ನನಗೆ ಸಿಟ್ಟಿದೆ. ನೀಲಿ ಅಕ್ಷರದ ಒಂದು ಸಾಲು, ಅದರ ಜತೆ ಒಂದು ಮಾತೂ ಇಲ್ಲ. ಜನ ಯಾಕೆ ಒತ್ತಬೇಕು? ಲಗ್ನಪತ್ರಿಕೆ, ಟ್ರಾಫಿಕ್ ದಂಡದ ನೋಟಿಸ್ ಅಂತ ಹೇಳಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ಕಾಲ ಇದು. ಹಿರಿಯರು ಹೆದರುವುದು ಸರಿಯೇ. (ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.) ಆದ್ದರಿಂದ ಲಿಂಕಿನ ಮೇಲೆ ನಿಮ್ಮದೇ ಮಾತಿನಲ್ಲಿ ಒಂದು ಸಾಲು ಬರೆಯಿರಿ. ಏನು, ಯಾರದ್ದು, ಯಾಕೆ ನೋಡಬೇಕು. ‘ಸೂಪರ್, ಮಿಸ್ ಮಾಡ್ಬೇಡಿ’ ಅನ್ನುವುದು ಲೆಕ್ಕಕ್ಕಿಲ್ಲ, ಅದನ್ನು ಕಳ್ಳರೂ ಬರೆಯುತ್ತಾರೆ.

ಇನ್ನೊಂದು ಗಮನಿಸಿ. ಇನ್‌ಸ್ಟಾಗ್ರಾಂ, ಯೂಟ್ಯೂಬ್ ಆ್ಯಪ್‌ನ ಶೇರ್ ಬಟನ್‌ನಿಂದ ತೆಗೆದ ಲಿಂಕಿನ ಕೊನೆಗೆ ಪ್ರಶ್ನೆ ಚಿಹ್ನೆ, ಅದರ ಮುಂದೆ ಒಂದಷ್ಟು ಅಕ್ಷರಗಳ ಬಾಲ ಇರುತ್ತದೆ. ಯಾರ ಕೈಯಿಂದ ಯಾರಿಗೆ ಹೋಯಿತೆಂದು ಕಂಪನಿಯವರು ಹಿಂಬಾಲಿಸಲು ಇಟ್ಟ ಗುರುತು ಅದು. ಇನ್‌ಸ್ಟಾಗ್ರಾಂನಲ್ಲಂತೂ ತೆರೆದವರಿಗೆ ಕಳಿಸಿದವರ ಖಾತೆಯ ಹೆಸರು ಕಾಣುವುದೂ ಉಂಟು. ಆ ಬಾಲ ಅಳಿಸಿ ಕಳಿಸಿದರೂ ವಿಡಿಯೊ ತೆರೆಯುತ್ತದೆ. ಕಂಪ್ಯೂಟರಿನ ಬ್ರೌಸರ್‌ನಿಂದ ತೆಗೆದ ಯೂಟ್ಯೂಬ್ ಲಿಂಕಿಗೆ ಮಾತ್ರ ಹೀಗೆ ಮಾಡಬೇಡಿ, ಅದರಲ್ಲಿ ಪ್ರಶ್ನೆ ಚಿಹ್ನೆಯ ಮುಂದೆಯೇ ವಿಡಿಯೊದ ಗುರುತು ಇರುವುದು.

ಲಿಂಕ್ ಒತ್ತಿದರೆ ಲಾಗಿನ್ ಕೇಳುತ್ತದೆ, ಅಮ್ಮನಿಗೆ ಇನ್‌ಸ್ಟಾಗ್ರಾಂ ಖಾತೆಯೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ. ಅಂಥ ಕಡೆ ವಿಡಿಯೊನೇ ಕಳಿಸಿ, ಕೆಳಗೆ ಲಿಂಕನ್ನೂ ಹಾಕಿ.

ಕೊನೆಗೆ ನಿಮ್ಮ ಪತ್ರಿಕೆಗೂ, ಉಳಿದ ಪತ್ರಿಕೆಗಳಿಗೂ ಒಂದು ಮಾತು. ‘ಈ ವಿಡಿಯೊ ಸಾಮಾಜಿಕ ಜಾಲತಾಣದಲ್ಲಿ ವೈರಲ್ ಆಗಿದೆ’ ಎಂದು ಸುದ್ದಿ ಬರುತ್ತದೆ. ಯಾವ ಜಾಲತಾಣ, ಯಾರ ಖಾತೆ, ಯಾವ ದಿನ ಎಂಬುದು ಇರುವುದಿಲ್ಲ. ನಾವು ಓದುಗರು ಮಾಡುವ ತಪ್ಪನ್ನೇ ಅಚ್ಚಿನಲ್ಲಿ ಮಾಡಿದಂತಾಯಿತು. ಹಾಗೆಯೇ ಪತ್ರಿಕೆಗಳು ಜಾಲತಾಣಕ್ಕೆಂದು ಮಾಡುವ ಶೀರ್ಷಿಕೆಯ ಚಿತ್ರಗಳಲ್ಲಿ ಎಷ್ಟೋ ಸಲ ತಾರೀಖು ಇರುವುದಿಲ್ಲ. ‘ನಾಳೆ ಶಾಲೆಗಳಿಗೆ ರಜೆ’ ಎಂಬ ಚಿತ್ರ ಮರುವರ್ಷದ ಮಳೆಯಲ್ಲೂ ಸುತ್ತುತ್ತದೆ, ಮಕ್ಕಳು ನಂಬುತ್ತಾರೆ, ಅಪ್ಪ ಅಮ್ಮ ಶಾಲೆಗೆ ಫೋನ್ ಮಾಡುತ್ತಾರೆ. ಚಿತ್ರದ ಮೂಲೆಯಲ್ಲಿ ದಿನ, ತಿಂಗಳು, ವರ್ಷ ಮೂರನ್ನೂ ಕಣ್ಣಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ ಹಾಕಿ. ಮುದ್ರಿತ ಸುದ್ದಿಯ ಪಕ್ಕ ಮೂಲ ಪೋಸ್ಟಿನ ಕ್ಯೂಆರ್ ಕೋಡ್ ಕೊಡಲು ಆಗುವುದಾದರೆ ಈ ಮಳೆಗಾಲದಿಂದಲೇ ಶುರು ಮಾಡಿ.

– ಒಬ್ಬ ಓದುಗ, ಸಾಗರ