ತಾತನ ಟೋಪಿ ನಿನಗೇ

ಪುಟ್ಟೀ,

ನಿನ್ನ ತಾತನ ಮಿಲಿಟರಿ ಟೋಪಿಯನ್ನು ನಿನಗೇ ಅಂತ ಎತ್ತಿಟ್ಟಿದ್ದೇನೆ. ಅದು ಗಂಡು ಮೊಮ್ಮಗನಿಗೆ ಸೇರಬೇಕು ಅಂತ ಮನೆಯಲ್ಲಿ ಒಂದಿಬ್ಬರು ಅಂದರು. ನಾನು ಒಪ್ಪಲಿಲ್ಲ. 2025ರ ಮೇನಲ್ಲಿ ಸೇನೆಯ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎನ್‌ಡಿಎಯಿಂದ ಮೊದಲ ಸಲ 17 ಹುಡುಗಿಯರು ಪಾಸಾಗಿ ಹೊರಬಂದರಲ್ಲ, ಅದನ್ನೇ ಹೇಳಿದೆ. ಅದೂ ಅಲ್ಲದೆ, ಊಟ ಆದಮೇಲೆ ತಾತನ ಪಕ್ಕ ಕೂತು ಅವರ ಮಾತು ಕೇಳುತ್ತಿದ್ದವಳು ನೀನೊಬ್ಬಳೇ.

ಕಡುನೀಲಿ ಉಣ್ಣೆಯ ಬೆರೆಟ್ ಅದು. ಪದಾತಿದಳದವರದ್ದು ಹಸಿರು, ಟ್ಯಾಂಕಿನವರದ್ದು ಕಪ್ಪು, ಇಂಜಿನಿಯರ್ ದಳದವರದ್ದು ನೀಲಿ. ತಾತ ಹಲಸೂರು ಕೆರೆ ಹತ್ತಿರದ ಎಂಇಜಿಯಲ್ಲಿ, ಅಂದರೆ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ ತರಬೇತಿ ಆದವರು, 1780ರಿಂದ ಇರುವ ಮದ್ರಾಸ್ ಸ್ಯಾಪರ್ಸ್ ಅದು. ಸ್ಯಾಪರ್ ಅಂದರೆ ಇಂಜಿನಿಯರ್ ದಳದ ಸೈನಿಕ. ಅಲ್ಲಿ ಕನ್ನಡದವರು, ತೆಲುಗಿನವರು ಎಲ್ಲರೂ 'ತಂಬಿ'ಗಳೇ, ತಮಿಳಿನಲ್ಲಿ ತಮ್ಮ ಅಂತ.

ಒಳಗಿನ ಚರ್ಮದ ಪಟ್ಟಿ ನೋಡು. ಹಣೆ ತಾಗುವ ಕಡೆ ಬೆವರು, ಕೊಬ್ಬರಿ ಎಣ್ಣೆ ಹಿಡಿದು ಕಪ್ಪಗೆ ನುಣ್ಣಗಾಗಿದೆ. ಹೊಸ ಬೆರೆಟ್ ಸಿಕ್ಕಾಗ ಬಿಸಿನೀರಲ್ಲಿ ಅದ್ದಿ, ಹಿಂಡಿ, ಒದ್ದೆಯಲ್ಲೇ ತಲೆಗೆ ಹಾಕಿ ಬಲಗಡೆಗೆ ಎಳೆದುಕೊಂಡು ಒಣಗೋವರೆಗೂ ಹಾಗೇ ಓಡಾಡುತ್ತಿದ್ದರಂತೆ. ಅದಕ್ಕೇ ಇವತ್ತಿಗೂ ಅದು ತಾತನ ತಲೆಯ ಆಕಾರದಲ್ಲೇ ಇದೆ. ದಯವಿಟ್ಟು ಡ್ರೈಕ್ಲೀನಿಂಗಿಗೆ ಕೊಡಬೇಡ.

ಇದನ್ನು ಹಾಕಿಕೊಂಡೇ ಯುದ್ಧ ಮಾಡಿದರು ಅಂತ ಯಾರಿಗೂ ಹೇಳಬೇಡ, ಅಲ್ಲಿ ತಲೆ ಮೇಲಿದ್ದದ್ದು ಉಕ್ಕಿನ ಹೆಲ್ಮೆಟ್. 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಅಲ್ಲಿನ ಶಕರ್‌ಗಢ ಕಡೆಯ ಬಸಂತರ್ ನದಿ ಹತ್ತಿರ ಸ್ಯಾಪರ್‌ಗಳ 9 ಇಂಜಿನಿಯರ್ ರೆಜಿಮೆಂಟ್ ನೆಲಬಾಂಬ್ ತೆಗೆದು ದಾರಿ ಮಾಡುತ್ತಿತ್ತು, ತಾತ ಅದರಲ್ಲಿದ್ದರು. ಹೊಟ್ಟೆ ಮೇಲೆ ಮಲಗಿ ಮಣ್ಣಿಗೆ ಓರೆಯಾಗಿ ಕಡ್ಡಿ ಚುಚ್ಚಬೇಕು, ಗಟ್ಟಿ ಏನಾದ್ರೂ ತಾಗಿದರೆ ಕೈ ನಿಲ್ಲಿಸಿ ಬೆರಳಿನಿಂದ ಮೆಲ್ಲಗೆ ಮಣ್ಣು ಸರಿಸಬೇಕು, ಆಮೇಲೆ ಹಿಂದಿನವರಿಗೆ ಗೊತ್ತಾಗಲಿ ಅಂತ ಬಿಳಿ ಪಟ್ಟಿ ಎಳೆಯಬೇಕು. ದಾರಿ ಪೂರ್ತಿ ಆಗುವ ಮೊದಲೇ ನಮ್ಮದೇ ಸೇನೆಯ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದವು. ಅವುಗಳಲ್ಲಿ ಒಂದರಲ್ಲಿದ್ದ, ಪರಮವೀರ ಚಕ್ರ ಪಡೆದ ಅರುಣ್ ಖೇತರ್‌ಪಾಲ್ ಹೆಸರು ದೇಶಕ್ಕೆಲ್ಲ ಗೊತ್ತು, ಗೊತ್ತಿರಲೇಬೇಕು. ಆದರೆ ನೆಲಬಾಂಬ್ ತೆಗೆಸುವ ಕೆಲಸದಲ್ಲೇ ಪ್ರಾಣ ಬಿಟ್ಟ, ಮಹಾವೀರ ಚಕ್ರ ಪಡೆದ ಮೇಜರ್ ವಿಜಯ್ ರತ್ತನ್ ಚೌಧರಿ ಹೆಸರು ಹೇಳುವವರು ಕಮ್ಮಿ. ನೀನು ಹೇಳು. ಟೋಪಿ ತೋರಿಸುವಾಗಲೆಲ್ಲ ಹೇಳು. ಮುಂದೆ ಹೋಗುವವರು ಬದುಕಲಿ ಅಂತ ನೆಲಕ್ಕೆ ಮುಖ ಹಚ್ಚಿ ಕೆಲಸ ಮಾಡಿದವರ ಟೋಪಿ ಇದು, ನನಗೆ ಅದರ ಬಗ್ಗೆ ತುಂಬಾ ಹೆಮ್ಮೆ.

ಇನ್ನು ಇಡೋದು ಹೇಗೆ ಅಂತ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ಹಳೇ ಬಿಳಿ ಪಂಚೆ ತುಂಡಿನಲ್ಲಿ ಸುತ್ತು. ನುಸಿಗುಳಿಗೆ ಪಕ್ಕದಲ್ಲಿರಲಿ, ಉಣ್ಣೆಗೆ ತಾಗಬಾರದು. ಬ್ಯಾಡ್ಜ್ ಉಜ್ಜಬೇಕಾದರೆ ಬಿಚ್ಚಿಕೊಂಡು ಉಜ್ಜು. ಗೆಳತಿಯರು ಕೇಳಿದರೆ ಧಾರಾಳವಾಗಿ ಕೈಗೆ ಕೊಡು, ತಲೆಗೆ ಹಾಕಿ ಫೋಟೋ ತೆಗೆಯೋದು ಮಾತ್ರ ಬೇಡ, ತಾತನಿಗೆ ಅದು ಹಿಡಿಸುತ್ತಿರಲಿಲ್ಲ.

ಹಬ್ಬಕ್ಕೆ ಬರುವಾಗ ಒಂದು ಗಟ್ಟಿ ರಟ್ಟಿನ ಡಬ್ಬ ತಗೊಂಡು ಬಾ.

ನಿನ್ನ ಅಪ್ಪ