ರೈಟ್ ರೈಟ್ ಅಂದಿದ್ದಕ್ಕೆ ರೆಡ್ ಕಾರ್ಡ್

ಪುಟ್ಟಿ,

ಊಟ ಆಯ್ತಾ? ಮೊನ್ನೆ ಫೋನಲ್ಲಿ ನೀನು ಅತ್ತಾಗ ಏನು ಹೇಳಬೇಕೋ ತೋಚಲಿಲ್ಲ, ಇರಲಿ ಬಿಡು ಅಂತ ಇಟ್ಟುಬಿಟ್ಟೆ. ಆಮೇಲೆ ಎರಡು ದಿನ ಡ್ಯೂಟಿಯಲ್ಲೂ ಅದೇ ಯೋಚನೆ. ದಾವಣಗೆರೆಯಿಂದ ದುರ್ಗ, ದುರ್ಗದಿಂದ ದಾವಣಗೆರೆ. ಆನಗೋಡು ಬರುವಷ್ಟರಲ್ಲಿ ಟಿಕೆಟ್ ಹರಿದು ಮುಗಿಸಿ, ಭರಮಸಾಗರ ಬರುವವರೆಗೂ ಕೂತು ಮನಸ್ಸಲ್ಲೇ ನಿನಗೆ ಕಾಗದ ಬರೆಯುತ್ತಿದ್ದೆ. ಈಗ ಮೊಬೈಲಲ್ಲಿ ಕುಟ್ಟುತ್ತಿದ್ದೇನೆ. ಉದ್ದ ಆಗುತ್ತೆ, ಪೂರ್ತಿ ಓದು.

ಫುಟ್ಬಾಲ್ ಮ್ಯಾಚಲ್ಲಿ ಎದುರು ತಂಡದ ಆ ಹುಡುಗಿ ಏನಂದಳು ಅಂತ ನೀನು ನನಗೆ ಹೇಳಲಿಲ್ಲ. ನಿನ್ನ ರೂಮ್‌ಮೇಟ್ ಹೇಳಿದಳು. ಎರಡು ಸಲ ಜರ್ಸಿ ಎಳೆದಳಂತೆ, ನೀನು ಸುಮ್ಮನಿದ್ದೆಯಂತೆ. ಮೂರನೇ ಸಲ ಪಕ್ಕದಲ್ಲಿ ಹಾದು ಹೋಗುತ್ತಾ 'ಟಿಕೆಟ್ ಟಿಕೆಟ್, ರೈಟ್ ರೈಟ್' ಅಂತ ರಾಗ ಎಳೆದಳಂತೆ, ಕಂಡಕ್ಟರ್ ಮಗಳು ಅಂತ. ನೀನು ತಿರುಗಿ ಎರಡೂ ಕೈಯಲ್ಲಿ ತಳ್ಳಿದೆ, ಅವಳು ಬಿದ್ದಳು, ರೆಫರಿ ಜೇಬಿಂದ ಕೆಂಪು ಕಾರ್ಡ್ ಬಂತು.

ಕೇಳಿ ನನಗೆ ಮೊದಲು ನಗು ಬಂತು ಕಣೇ. ದಿನಕ್ಕೆ ಇನ್ನೂರು ಸಲ ನಾನೇ ಅನ್ನುವ ಮಾತು ಅದು. ಅದರಲ್ಲಿ ಬೈಗುಳ ಎಲ್ಲಿದೆ? ರೈಟ್ ರೈಟ್ ಅಂದೇ ನಿನ್ನ ಮೊದಲ ಬೂಟು ಬಂದಿದ್ದು. ಅದನ್ನು ಹಾಕಿಕೊಂಡು ಮನೆಯೊಳಗೇ ಓಡಾಡಿ ನೆಲವೆಲ್ಲ ಗೀಚಿದ್ದು ಮರೆತೆಯಾ? ಆಮೇಲೆ ನಗು ನಿಂತು ಹೊಟ್ಟೆಯಲ್ಲಿ ಒಂಥರಾ ಆಯಿತು. ನನ್ನ ಸಲುವಾಗಿ ಬಡಿದಾಡಿದ್ದೀಯ ಅಂತ ಖುಷಿಪಡಬೇಕೋ ಬೈಯಬೇಕೋ ಗೊತ್ತಾಗದೆ ನಿನ್ನ ತಮ್ಮನನ್ನು ಕೂರಿಸಿಕೊಂಡು ರಾತ್ರಿಯೆಲ್ಲ ಯೂಟ್ಯೂಬಲ್ಲಿ ಫುಟ್ಬಾಲ್ ಜಗಳ ನೋಡಿದೆ.

ಅವನು ಮೊದಲು ತೋರಿಸಿದ್ದು ಫ್ರಾನ್ಸಿನ ಜಿಡಾನ್. 2006ರ ವಿಶ್ವಕಪ್ ಫೈನಲ್, ಬರ್ಲಿನ್. ನೀನು ಆಗಿನ್ನೂ ಹುಟ್ಟಿರಲಿಲ್ಲ. ಅದೇ ಅವನ ಕೊನೇ ಮ್ಯಾಚಂತೆ. ಏಳನೇ ನಿಮಿಷಕ್ಕೆ ಗೋಲೂ ಹೊಡೆದಿದ್ದ. 110ನೇ ನಿಮಿಷದಲ್ಲಿ ಇಟಲಿಯ ಮಾಟೆರಾಜಿ ಜರ್ಸಿ ಹಿಡಿದು ಎಳೆದ, ಮಾತಿಗೆ ಮಾತು ಬೆಳೆಯಿತು, ಅಕ್ಕತಂಗಿ ವಿಷಯಕ್ಕೆ ಬಂತು. ಜಿಡಾನ್ ಮುಂದೆ ಹೋಗುತ್ತಿದ್ದವನು ತಿರುಗಿ ಬಂದು ಎದೆಗೆ ತಲೆಯಿಂದ ಗುದ್ದಿದ. ಮುಖ್ಯ ರೆಫರಿ ನೋಡಿರಲೇ ಇಲ್ಲ, ಮೈದಾನದ ಅಂಚಲ್ಲಿ ನಿಲ್ಲುವ ನಾಲ್ಕನೇ ರೆಫರಿ ನೋಡಿ ಹೇಳಿದ್ದು. ಪೆನಾಲ್ಟಿಯಲ್ಲಿ ಇಟಲಿ 5-3 ಗೆದ್ದಿತು, ಜಿಡಾನ್ ಅಷ್ಟರಲ್ಲಿ ಕಪ್ಪಿನ ಪಕ್ಕದಲ್ಲೇ ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ಆಗಿತ್ತು. ಆಮೇಲೆ ವಿಚಾರಣೆ ಆಗಿ ಅವನಿಗೆ ಮೂರು ಮ್ಯಾಚ್, ಬಾಯಿ ಬಿಟ್ಟ ಮಾಟೆರಾಜಿಗೂ ಎರಡು ಮ್ಯಾಚ್ ನಿಷೇಧ ಹಾಕಿದರು. ಅಂದರೆ ಮಾತಿಗೂ ಶಿಕ್ಷೆ ಇದೆ, ಆದರೆ ಅದು ನಿಧಾನಕ್ಕೆ ಬರುತ್ತದೆ. ಕೈ ಎತ್ತಿದವನಿಗೆ ಮಾತ್ರ ಅಲ್ಲೇ, ಆಗಲೇ.

ಇದು ನನಗೆ ಜಿಡಾನ್‌ಗಿಂತ ಚೆನ್ನಾಗಿ ಗೊತ್ತು. ನಿನಗೆ ಹೇಳಿರಲಿಲ್ಲ. ನೀನು ಆರನೇ ಕ್ಲಾಸಲ್ಲಿದ್ದಾಗ ಹದಿನೈದು ದಿನ ನಾನು ಮನೆಯಲ್ಲಿದ್ದೆನಲ್ಲ, ಸೊಂಟ ನೋವು ಅಂದಿದ್ದೆ. ಸೊಂಟ ಚೆನ್ನಾಗೇ ಇತ್ತು. ಒಬ್ಬ ಐನೂರರ ನೋಟು ಕೊಟ್ಟು ಆನಗೋಡಿಗೆ ಟಿಕೆಟ್ ಕೇಳಿದ, ಚಿಲ್ಲರೆ ಇಲ್ಲ ಅಂದೆ. ಬಾಡಾ ಕ್ರಾಸಿನಿಂದ ಶುರುವಾದವನು ಬಾಯಿಗೆ ಬಂದದ್ದೆಲ್ಲ ಅಂದ. ನಿನ್ನ ಅಪ್ಪನ ಸುದ್ದಿಗೂ ಬಂದ. ಅವನ ಕೈಗೆ ಒಂದು ತಟ್ಟಿದೆ, ಮೊಬೈಲ್ ಕೆಳಗೆ ಬಿತ್ತು, ಗಾಜು ಒಡೆಯಿತು. ಹಿಂದಿನ ಸೀಟಿನ ಹುಡುಗ ವಿಡಿಯೊ ಮಾಡಿದ್ದ, ಅದು ಶುರುವಾಗಿದ್ದು ನನ್ನ ಕೈ ಮೇಲೆದ್ದ ಕಡೆಯಿಂದ. ಅದಕ್ಕೆ ಮೊದಲಿನ ಐದು ನಿಮಿಷ ಯಾವ ಮೊಬೈಲಲ್ಲೂ ಇಲ್ಲ. ಡಿಪೋದಲ್ಲಿ ಮೆಮೊ ಕೊಟ್ಟರು, ಉತ್ತರ ಬರೆದುಕೊಡಿ ಅಂದರು. ಬರೆಯಲು ಕೂತರೆ ತಟ್ಟಿದ್ದು ನಿಜವಲ್ಲ ಅಂತ ಬರೆಯಲು ಆಗಲಿಲ್ಲ.

ನನ್ನನ್ನು ಮನೆಗೆ ಕಳಿಸಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ನನ್ನ ಜಾಗಕ್ಕೆ ಇನ್ನೊಬ್ಬ ಅಕ್ಕ ಡಬಲ್ ಡ್ಯೂಟಿ ಮಾಡಿದರು, ಮನೆಯಲ್ಲಿ ಮಗುವಿಗೆ ಜ್ವರ ಇಟ್ಟುಕೊಂಡು. ಅವರ ಮುಖ ನೋಡುವುದಕ್ಕೆ ನನಗೆ ಮೂರು ತಿಂಗಳು ಬೇಕಾಯಿತು.

ನಿನ್ನದೂ ಅದೇ ಲೆಕ್ಕ. ಕಾರ್ಡ್ ಬಿದ್ದವಳ ಬದಲು ಇನ್ನೊಬ್ಬಳನ್ನು ಇಳಿಸುವ ಹಾಗಿಲ್ಲ. ಇಪ್ಪತ್ತು ನಿಮಿಷ ಹತ್ತೇ ಜನ ಓಡಿದರು. ನಿನ್ನ ಹಿಂದೆ ಆಡುವ ಆ ತೆಳ್ಳಗಿನ ಹುಡುಗಿ ಎರಡು ಜಾಗ ಕಾದಳಂತೆ, ಕೊನೆಗೆ ಕಾಲು ಹಿಡಿದುಕೊಂಡು ಮೈದಾನದಲ್ಲೇ ಮಲಗಿದಳಂತೆ. ನೀನು ಫೋನಲ್ಲಿ ನಿನ್ನ ಎರಡು ಮ್ಯಾಚ್ ನಿಷೇಧದ ಬಗ್ಗೆ ಹೇಳಿದೆ, ಆ ಹುಡುಗಿ ಬಗ್ಗೆ ಒಂದು ಮಾತೂ ಹೇಳಲಿಲ್ಲ. ನನಗೆ ಸಿಟ್ಟು ಬಂದಿದ್ದು ಅಲ್ಲಿ.

ತಮ್ಮ ಇನ್ನೊಂದು ತೋರಿಸಿದ. 2005, ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡ. ಲೀ ಬೌಯರ್, ಕೀರನ್ ಡೈಯರ್ ಅಂತ ಇಬ್ಬರು, ಒಂದೇ ತಂಡದವರು! ನನಗೆ ಪಾಸ್ ಕೊಡಲ್ಲ ನೀನು ಅಂತ ಕತ್ತಿನ ಪಟ್ಟಿ ಹಿಡಿದು ಹೊಡೆದಾಡಿದರು. ಎದುರು ತಂಡದವನು ಬಂದು ಬಿಡಿಸಬೇಕಾಯಿತು. ಇಬ್ಬರಿಗೂ ಕೆಂಪು. ಮೊದಲೇ ಒಬ್ಬ ಹೊರಗೆ ಹೋಗಿದ್ದ, ಎಂಟು ಜನರಲ್ಲಿ ಮ್ಯಾಚ್ ಮುಗಿಸಿ 3-0 ಸೋತರು. ಬೌಯರ್‌ಗೆ ಕ್ಲಬ್ಬಿನವರೇ ಆರು ವಾರದ ಸಂಬಳ ದಂಡ ಹಾಕಿದರು. ನೋಡಿ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ನಮ್ಮ ಬೆಂಗಳೂರಿನದೂ ಇದೆ. 2023ರ ಸ್ಯಾಫ್ ಕಪ್, ದಕ್ಷಿಣ ಏಷ್ಯಾ ದೇಶಗಳದ್ದು, ಕಂಠೀರವ ಸ್ಟೇಡಿಯಂ, ಪಾಕಿಸ್ತಾನದ ಮೇಲೆ ಛೆಟ್ರಿ ಮೂರು ಗೋಲು ಹೊಡೆದ ಮ್ಯಾಚ್. ಪಾಕ್ ಆಟಗಾರ ಥ್ರೋ ಎಸೆಯಲು ಹೋದಾಗ ಭಾರತದ ಕೋಚ್ ಸ್ಟಿಮಾಚ್ ಹಿಂದಿನಿಂದ ಬಂದು ಅವನ ಕೈಯ ಬಾಲ್ ತಟ್ಟಿಬಿಟ್ಟರು. ಥೇಟ್ ನನ್ನ ಹಾಗೆ! ಕೆಂಪು ಕಾರ್ಡ್. ಒಂದು ಮ್ಯಾಚ್ ಹೊರಗಿದ್ದು ಬಂದು ಕುವೈತ್ ಮೇಲೆ ಮತ್ತೆ ಕೆಂಪು. ಎರಡು ಮ್ಯಾಚ್ ನಿಷೇಧ ಬಿತ್ತು, ಸೆಮಿಫೈನಲ್, ಫೈನಲ್ ಎರಡಕ್ಕೂ ಸಹಾಯಕ ಕೋಚ್ ಮಹೇಶ್ ಗವಳಿ ನಿಂತರು. ಭಾರತ ಕಪ್ ಗೆದ್ದಿತು ಅನ್ನು, ಆದರೆ ದೊಡ್ಡ ಮನುಷ್ಯರೂ ಒಂದು ಸಲಕ್ಕೆ ಕಲಿಯುವುದಿಲ್ಲ ಅಂತ ನನಗೆ ಸ್ವಲ್ಪ ಸಮಾಧಾನ ಆಯಿತು.

ಹಾಂ, ನಿನ್ನ ದೊಡ್ಡಮ್ಮನಿಗೂ ಸುದ್ದಿ ಮುಟ್ಟಿದೆ. 'ಎರಡು ಜಡೆ ಒಂದು ಕಡೆ ಸೇರಲ್ಲ ಅಂತ ಸುಮ್ನೆ ಹೇಳ್ತಾರಾ' ಅಂದಳು. ನನಗೆ ಉರಿದು ಹೋಯಿತು. ಜಿಡಾನ್‌ಗೆ ಯಾವ ಜಡೆ ಇತ್ತು, ತಲೆಯೇ ಬೋಳು ಅಂದೆ. ಅವಳಿಗೆ ಅರ್ಥ ಆಗಲಿಲ್ಲ. 2009ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಎದುರಾಳಿಯ ಜುಟ್ಟು ಹಿಡಿದು ಎಳೆದು ಬೀಳಿಸಿದ್ದಳು. ಮ್ಯಾಚಲ್ಲಿ ರೆಡ್ ಕೂಡ ಬೀಳಲಿಲ್ಲ, ವಿಡಿಯೊ ದೇಶವೆಲ್ಲ ಓಡಾಡಿದ ಮೇಲೆ ವಿಶ್ವವಿದ್ಯಾಲಯ ಸಸ್ಪೆಂಡ್ ಮಾಡಿತು. ಅವಳು ಮಾಡಿದ್ದು ತಪ್ಪೇ. ಆದರೆ ಗಂಡಸರು ಕಚ್ಚಿದರೂ ಅದು ಆಟದ ಬಿಸಿ, ಹೆಣ್ಣುಮಕ್ಕಳು ತಳ್ಳಿದರೆ ಜಡೆ ಜಗಳ. ಇದು ನ್ಯಾಯ ಅಲ್ಲ, ಆದರೂ ನೀನು ಆಡಬೇಕಾಗಿರುವುದು ಇದರ ನಡುವೆಯೇ.

ಮೆಲ್ಲಗೆ ತಳ್ಳಿದ್ದು, ಅವಳು ನಾಟಕ ಮಾಡಿ ಬಿದ್ದಳು ಅಂತ ನೀನು ಫೋನಲ್ಲಿ ಅಂದೆ. ಇರಬಹುದು. ತಮ್ಮ ರೂಲ್ಸ್ ಓದಿ ಹೇಳಿದ, ಬಾಲಿಗೆ ಹೋರಾಡದೆ ಇರುವಾಗ ಜೋರಾಗಿ ಹೊಡೆಯಲು ಹೋದರೂ ಸಾಕಂತೆ, ತಾಗಲೇಬೇಕು ಅಂತಿಲ್ಲ. ಆ ಕಾರ್ಡಿನ ಕತೆ ಗೊತ್ತಾ ನಿನಗೆ? ಕೆನ್ ಆಸ್ಟನ್ ಅಂತ ಇಂಗ್ಲೆಂಡಿನ ಮೇಷ್ಟ್ರೊಬ್ಬರು, ರೆಫರಿಯೂ ಹೌದು, 1962ರಲ್ಲಿ ಚಿಲಿ ಇಟಲಿ ಹೊಡೆದಾಟದ ಮ್ಯಾಚ್ ನಡೆಸಿ ಸುಸ್ತಾದವರು. ಆಮೇಲೊಂದು ದಿನ ಕಾರಲ್ಲಿ ಹೋಗುವಾಗ ಟ್ರಾಫಿಕ್ ಸಿಗ್ನಲ್ ನೋಡಿ ಹೊಳೆಯಿತಂತೆ, ಹಳದಿ ಅಂದರೆ ನಿಧಾನ, ಕೆಂಪು ಅಂದರೆ ನಿಲ್ಲು. 1970ರ ವಿಶ್ವಕಪ್ಪಿಂದ ಕಾರ್ಡ್ ಬಂತು. ಬಸ್ಸಲ್ಲಿ ನಾವು ನಿಲ್ಲು ಅನ್ನುವುದನ್ನೇ 'ಹೋಲ್ಡಾನ್' ಅನ್ನುತ್ತೇವೆ. ಮುಂದಿನ ಸಲ ಯಾರಾದರೂ ರೈಟ್ ರೈಟ್ ಅಂದರೆ ನೀನು ಹೋಲ್ಡಾನ್ ಅಂದುಬಿಡು, ಜೋರಾಗಿ. ನಾನು ಮಾಡುವ ಕೆಲಸಕ್ಕೆ ನೀನು ಯಾರ ಹತ್ತಿರವೂ ಬಡಿದಾಡಬೇಕಾಗಿಲ್ಲ ಕಂದ.

ನಾಳೆ ರಾತ್ರಿ ಬೆಂಗಳೂರು ಬಸ್ಸಲ್ಲಿ ಒಂದು ಚೀಲ ಕೊಟ್ಟು ಕಳಿಸುತ್ತೇನೆ. ಡ್ರೈವರ್ ನಂಬರ್ ಆಮೇಲೆ ಹಾಕುತ್ತೇನೆ, ಬೆಳಗ್ಗೆ ಆರಕ್ಕೇ ಹೋಗಿ ತಗೊ, ಮಲಗಿಬಿಡಬೇಡ. ಮಂಡಕ್ಕಿ ಇದೆ, ಶೇಂಗಾ ಚಟ್ನಿಪುಡಿ ಎರಡು ಡಬ್ಬಿ ಇದೆ. ಸಣ್ಣದು ನಿನಗೆ. ದೊಡ್ಡದು ಆ ಹತ್ತು ಜನಕ್ಕೆ, ನೀನೇ ಕೈಯಾರೆ ಕೊಡಬೇಕು, ಕಾಲು ಹಿಡಿದ ಹುಡುಗಿಗೆ ಮೊದಲು.

ನಿನ್ನ
ಅಮ್ಮ